ಸರೋಜಳಿಗೆ, ಕುಕ್ಕರಿನ ವಿಚಾರವಾಗಿ

ಕಲೂರು, ಎರ್ನಾಕುಳಂ
22 ನವೆಂಬರ್ 1959, ಆದಿತ್ಯವಾರ

ನನ್ನ ಮುದ್ದಿನ ಸರೋಜಾ,

ನಿನಗೆ ಬರೆಯದೆ ಆರು ವಾರ ಆಯಿತು. ದೀಪಾವಳಿಗೆ ಸಹ ಒಂದು ಕಾರ್ಡು ಹಾಕಲಿಲ್ಲ. ಕೆಲಸ ಇತ್ತು ಅಂತ ಹೇಳಬಹುದು, ಇದ್ದದ್ದೂ ಹೌದು. ಅಂಗಡಿಯ ಪೈಗಳು ಕುಕ್ಕರ್ ತೋರಿಸಲಿಕ್ಕೆ ಆಲುವಾ, ತ್ರಿಶೂರು, ಕೋಟ್ಟಯಂ ಅಂತ ವಾರಕ್ಕೆ ಎರಡು ಊರಿಗೆ ಕಳಿಸಿದರು. ಆದರೆ ಒಂದು ಕಾರ್ಡು ಬರೆಯಲಿಕ್ಕೆ ಎಷ್ಟು ಹೊತ್ತು ಬೇಕು ಹೇಳು. ನೀನೂ ಬರೆಯಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಮೊದಲು ಬರೆಯಬೇಕಾದವಳು ನಾನೇ.

ಇಲ್ಲಿ ನಾನು ಸೌಖ್ಯ. ತುಲಾ ತಿಂಗಳ ಮಳೆ ನಿಂತು ನಾಲ್ಕು ದಿನ ಆಯಿತು. ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿದೆ. ಆಚೆ ಮನೆಯ ಏಲಿಯಮ್ಮ ದಿನಾ ನಿನ್ನನ್ನು ಕೇಳುತ್ತಾರೆ. ‘ನಿಮ್ಮ ಮೋಳು ಈಗ ನನ್ನಷ್ಟು ಎತ್ತರ ಆಗಿರಬೇಕು’ ಅನ್ನುತ್ತಾರೆ. ಅವರಿಗಿಂತ ಎತ್ತರ ಆಗಿದ್ದೀ ಅಂತ ನಾನು ಹೇಳಿದೆ.

ನೀನು ಈಗ ಕನ್ನಡ ಅಕ್ಷರ ಕೂಡಿಸಿ ಓದುವುದು ನಿಧಾನ ಅಂತ ದೊಡ್ಡಮ್ಮ ಬರೆದಿದ್ದರು. ಅದಕ್ಕೇ ಅಕ್ಷರ ಬಿಡಿಸಿ, ದೊಡ್ಡದಾಗಿ ಬರೆಯುತ್ತಿದ್ದೇನೆ. ಉತ್ತರ ನೀನು ಮಲಯಾಳದಲ್ಲೇ ಬರೆ, ಅಡ್ಡಿಯಿಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದಿ ಓದಿ ನಾನೂ ಕಲಿತಿದ್ದೇನೆ. ಸಂಯುಕ್ತಾಕ್ಷರದಲ್ಲಿ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ದೊಡ್ಡಮ್ಮನ ಕಾರ್ಡು ಗುರುವಾರ ಬಂತು. ದೊಡ್ಡಪ್ಪ ಚಾಲಾ ಬಜಾರಿನಿಂದ ಪ್ರೆಶರ್ ಕುಕ್ಕರ್ ತಂದಿದ್ದಾರಂತೆ. ‘ನನಗೆ ಅದರ ಹತ್ತಿರ ಹೋಗಲಿಕ್ಕೇ ಧೈರ್ಯ ಸಾಲದು, ಸರೋಜಳೇ ಇಡುವುದು, ಅವಳು ನಿನ್ನ ಮಗಳಲ್ಲವಾ’ ಅಂತ ಬರೆದಿದ್ದಾರೆ. ಓದಿ ಖುಷಿಯೂ ಆಯಿತು, ಎದೆಯೂ ಹಾರಿತು. ಊರೂರು ತಿರುಗಿ ಬೇರೆಯವರ ಮಕ್ಕಳಿಗೆಲ್ಲ ಹೇಳಿಕೊಡುವ ನಾನು ನನ್ನ ಮಗಳಿಗೆ ಹೇಳಿಕೊಡಲಿಲ್ಲವಲ್ಲ ಅನಿಸಿತು. ಹಾಗಾಗಿ ಇದನ್ನು ಗಮನ ಇಟ್ಟು ಓದು.

ಮುಚ್ಚಳ ಹಾಕುವ ಮೊದಲು, ಪ್ರತಿ ಸಲವೂ, ಅದನ್ನು ಕಿಟಕಿಗೆ ಹಿಡಿದು ನೋಡು. ಶಿಳ್ಳೆ ಹಾಕುವ ಗುಂಡನ್ನು ಕೂರಿಸುವ ನಳಿಗೆಯ ತೂತಿನೊಳಗಿಂದ ಬೆಳಕು ಕಂಡರೆ ಸರಿ. ಕಾಣದಿದ್ದರೆ ಗುಡಿಸುವ ಹಿಡಿಸೂಡಿಯ ಒಂದು ಹೊಸ ಕಡ್ಡಿ ತೂರಿಸಿ, ಊದಿ, ಮತ್ತೆ ನೋಡು. ನಿನ್ನೆ ತಾನೆ ನೋಡಿದ್ದೆ ಅನ್ನಬೇಡ. ಬೇಳೆ, ಪಯರು, ಕಡಲೆ ಇಂಥವನ್ನು ಅರ್ಧ ಪಾತ್ರೆಗಿಂತ ಮೇಲೆ ತುಂಬಬೇಡ, ಅವು ನೊರೆ ಕಟ್ಟಿ ಮೇಲೆ ಬರುತ್ತವೆ, ಸಿಪ್ಪೆಯನ್ನೂ ಹೊತ್ತು ತರುತ್ತವೆ. ನೀರು ಹಾಕಲಿಕ್ಕೆ ಮರೆತು ಒಲೆಯ ಮೇಲೆ ಇಟ್ಟರೆ ಮುಚ್ಚಳದಲ್ಲಿರುವ ಸಣ್ಣ ಸೀಸದ ಬೊಟ್ಟು ಕರಗಿ ಹಬೆ ಹೊರಗೆ ಹೋಗುತ್ತದೆ. ಅದು ಕೆಟ್ಟುಹೋದದ್ದಲ್ಲ, ನಿನ್ನನ್ನು ಕಾಪಾಡಿದ್ದು. ಆಗ ಅಂಗಡಿಗೆ ಹೋಗಿ ಹೊಸ ಬೊಟ್ಟು ಹಾಕಿಸಬೇಕು, ಬೇರೆ ಏನನ್ನೂ ಅಲ್ಲಿ ತುರುಕಬಾರದು.

ಇಲ್ಲೊಬ್ಬ ರಿಟೈರಾದ ಓವರ್ಸಿಯರ್ ಇದ್ದಾರೆ. ಬೊಟ್ಟು ಕರಗಿದ್ದಕ್ಕೆ ‘ಇಷ್ಟು ಸೇತುವೆ ಕಟ್ಟಿಸಿದವನಿಗೆ ಇದೆಂಥ ದೊಡ್ಡ ಕೆಲಸ’ ಅಂತ ಒಂದು ಕಬ್ಬಿಣದ ಮೊಳೆ ಹೊಡೆದು ಮುಚ್ಚಿದರಂತೆ. ಅಂದು ಮಧ್ಯಾಹ್ನ ಮುಚ್ಚಳ ಮಾಡಿನ ಹಂಚು ಒಡೆದುಕೊಂಡು ಹೋಗಿ ಹಿತ್ತಲಿನ ಬಾಳೆಯ ಬುಡದಲ್ಲಿ ಬಿತ್ತು. ಪುಣ್ಯಕ್ಕೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಪೈಗಳು ನನ್ನನ್ನು ಕಳಿಸಿದಾಗ ಆ ಮನೆಯ ಗೋಡೆಯ ಮೇಲೆಲ್ಲ ಕಡಲೆ ಅಂಟಿಕೊಂಡಿತ್ತು. ಅವರ ಹೆಂಡತಿ ನನ್ನ ಹತ್ತಿರ ಮೆಲ್ಲ ಹೇಳಿದರು, ‘ಸೇತುವೆಗಳು ಹೇಗಿವೆಯೋ ಏನೋ.’

ಒಲೆ ಆರಿಸಿದ ಮೇಲೆ ಅವಸರ ಬೇಡ. ಕೆಳಗಿಳಿಸಿ ಇಟ್ಟು ಪಾಠ ಓದಿಕೋ. ಆಮೇಲೆ ಸೌಟಿನ ಹಿಡಿಯಿಂದ ಗುಂಡನ್ನು ಒಂಚೂರು ಎತ್ತಿ ನೋಡು. ಸುಯ್ ಅಂದರೆ ಮತ್ತೆ ಬಿಡು. ಏನೂ ಸದ್ದಿಲ್ಲದೆ, ಮುಚ್ಚಳ ತಾನಾಗಿ ತಿರುಗಿದರೆ ಮಾತ್ರ ತೆಗೆ. ಬಲ ಹಾಕಬೇಕಾಗಿ ಬಂದರೆ ಒಳಗೆ ಹಬೆ ಉಂಟು ಅಂತಲೇ ತಿಳಿ, ಯಾರು ಎಷ್ಟು ಅವಸರ ಮಾಡಿದರೂ.

ಇದನ್ನೆಲ್ಲ ಬರೆಯುವಾಗ ನನಗೆ ಈ ಮನೆಯ ಹಳೇ ಒಲೆಯೇ ಕಣ್ಣಿಗೆ ಬರುತ್ತದೆ. ನಿನಗೆ ನೆನಪುಂಟಾ? ಮಳೆಗಾಲದಲ್ಲಿ ಹಸಿ ಸೌದೆ, ಊದುಗೊಳವೆ ಹಿಡಿದು ಊದಿ ಊದಿ ನಿನ್ನ ಮೂಗಿನ ತುದಿಯೆಲ್ಲ ಬೂದಿ. ಅಪ್ಪ ತಂತಿ ಆಫೀಸಿನಿಂದ ಬಂದು, ಅಂಗಿಯನ್ನು ಮೊಳೆಗೆ ಸಿಕ್ಕಿಸಿ, ಅಡುಗೆಮನೆಯ ಹೊಸ್ತಿಲಲ್ಲೇ ಕೂರುವವರು. ಅನ್ನದ ಪಾತ್ರೆಯ ಮುಚ್ಚಳ ಕಟಕಟ ಕುಣಿಯಲಿಕ್ಕೆ ಸುರುವಾದರೆ ‘ಸರೋಜಾ, ಅಡುಗೆಮನೆಯಿಂದ ತಂತಿ ಬರ್ತಾ ಉಂಟು, ಬರೆದುಕೋ’ ಅನ್ನುವವರು. ನೀನು ಸ್ಲೇಟು ತಂದು ಚುಕ್ಕಿ, ಗೆರೆ ಹಾಕುವವಳು. ಅವರು ಅದನ್ನು ಬಹಳ ಗಂಭೀರವಾಗಿ ಓದಿ ಹೇಳುವವರು: ‘ಅಕ್ಕಿ ಕ್ಷೇಮ. ಹತ್ತು ನಿಮಿಷದಲ್ಲಿ ಹೊರಡುತ್ತದೆ. ತುಪ್ಪ ತಯಾರಿಡುವುದು.’ ಒಂದು ದಿನ ನೀನು ಬರೆದುಕೊಂಡದ್ದನ್ನು ಓದುತ್ತಾ ಅವರು ಸ್ಲೇಟನ್ನು ಬೆಳಕಿಗೆ ಹಿಡಿದರು. ‘ಯಾಕಪ್ಪಾ?’ ಅಂದೆ ನೀನು. ‘ಇದರಲ್ಲಿ ನಿಜವಾಗಿ ಒಂದು ಅಕ್ಷರ ಬಂದಿದೆ ಮಾರಾಯ್ತಿ’ ಅಂದರು. ಅದು ಯಾವ ಅಕ್ಷರ ಅಂತ ನಾವು ಕೇಳಲಿಲ್ಲ ನೋಡು. ಇನ್ನು ಕೇಳುವ ಹಾಗೂ ಇಲ್ಲ.

ನಿನಗೆ ಒಂಬತ್ತು ವರ್ಷ ಇರುವಾಗ ನಾವು ಮೂವರೂ ತಿರುವನಂತಪುರಕ್ಕೆ, ದೊಡ್ಡಪ್ಪನ ಮನೆಗೆ ಹೋದದ್ದೂ ಹಾಗೆಯೇ ಕಣ್ಣಿಗೆ ಕಟ್ಟಿದೆ. ಆಗ ಈಗಿನ ಹಾಗೆ ನೇರ ರೈಲು ಎಲ್ಲಿತ್ತು? ಜೆಟ್ಟಿಯಿಂದ ಬೋಟು ಹತ್ತಿ ಆಲಪ್ಪುಳೆಗೆ, ಅಲ್ಲಿಂದ ಬಸ್ಸು. ಬೋಟಿನಲ್ಲಿ ನೀನು ಅಪ್ಪನ ತೊಡೆಯ ಮೇಲೆ ಮಲಗಿದ್ದೆ. ಅವರು ಮೂರು ಗಂಟೆ ಕಾಲು ಅಲುಗಿಸಲಿಲ್ಲ, ಇಳಿಯುವಾಗ ಕುಂಟಿಕೊಂಡು ಇಳಿದರು. ಅಂಥವರು ಎರಡೇ ವರ್ಷದಲ್ಲಿ, ಬರೀ ಹನ್ನೊಂದು ದಿನದ ಜ್ವರಕ್ಕೆ ಹೋಗಿಬಿಟ್ಟರು. ನಿನ್ನನ್ನು ಓದಿಸಲಿಕ್ಕೆ ದೊಡ್ಡಪ್ಪ ಕರಕೊಂಡು ಹೋದಾಗ ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ನಿನ್ನನ್ನು ತಮ್ಮ ಮಕ್ಕಳು ರತ್ನ, ಸುಶೀಲರ ಜೊತೆ ಸಮಾ ನೋಡಿಕೊಂಡಿದ್ದಾರೆ. ಅದನ್ನು ಯಾವತ್ತೂ ಮರೆಯಬೇಡ.

ನನಗೆ ಈ ಕೆಲಸ ಸಿಕ್ಕಿದ ಕಥೆ ನಿನಗೆ ಪೂರ್ತಿ ಹೇಳಲೇ ಇಲ್ಲ. ಬ್ರಾಡ್‌ವೇಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಕೃಷ್ಣಾನಂದ ಪೈಗಳ ಹೆಂಡತಿಗೆ ನಾನು ರವಿಕೆ ಹೊಲಿದು ಕೊಡುತ್ತಿದ್ದೆನಲ್ಲ. ಪೈಗಳು ಕುಕ್ಕರ್ ತರಿಸಿ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಒಬ್ಬರೂ ಮುಟ್ಟಲಿಲ್ಲ. ‘ಬಾಂಬು, ಬಾಂಬು’ ಅಂತ ನೋಡಿ ಹೋದರು. ಒಂದು ದಿನ ಅವರ ಹೆಂಡತಿ ಇಂಗ್ಲಿಷಿನ ಪುಸ್ತಿಕೆಯನ್ನೂ ಒಂದು ಕುಕ್ಕರನ್ನೂ ನನ್ನ ಕೈಗೆ ಕೊಟ್ಟು ‘ಸೌದಾಮಿನಿ, ನೀವು ಓದಿದವರು, ಇದು ಹೌದಾ ಸುಳ್ಳಾ ಅಂತ ನೋಡಿ ಹೇಳಿ’ ಅಂದರು. ನಾನು ಆ ಪುಸ್ತಿಕೆಯನ್ನು ಪರೀಕ್ಷೆಗೆ ಓದಿದ ಹಾಗೆ ಮೂರು ದಿನ ಓದಿದೆ. ನಾಲ್ಕನೆಯ ದಿನ ಒಲೆಗೆ ಇಟ್ಟೆ. ಏಲಿಯಮ್ಮ ಜಪಮಾಲೆ ಹಿಡಿದು ಹಲಸಿನ ಮರದ ಹಿಂದೆ ನಿಂತರು. ಗುಂಡು ಮೊದಲ ಸಲ ಎದ್ದು ಶಿಳ್ಳೆ ಹಾಕಿದಾಗ ಅವರು ಗೇಟಿನಾಚೆ ಇದ್ದರು! ಹತ್ತು ನಿಮಿಷದಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದದ್ದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ನಾನು ನಗಲಿಕ್ಕೆ ಹೋಗಿ ಅತ್ತೆ. ಅಪ್ಪ ಹೋದ ಮೇಲೆ ಅದೇ ಮೊದಲು ನಾನು ಒಂದು ಹೊಸ ಕೆಲಸ ಕಲಿತದ್ದು.

ಇನ್ನು ಅಕ್ಟೋಬರ್ ಹತ್ತರ ವಿಚಾರ. ನಿಮ್ಮ ಊರಿನ ಮಹಿಳಾ ಸಮಾಜದಲ್ಲಿ ಕುಕ್ಕರ್ ತೋರಿಸಬೇಕು ಅಂತ ಪೈಗಳು ಹೇಳಿದಾಗ, ಶಾಲೆಯ ಹುಡುಗಿಯರೂ ಬರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಟೀಚರ್ ನಿಮ್ಮನ್ನೆಲ್ಲ ಸಾಲು ಮಾಡಿಸಿ ಒಳಗೆ ಕರಕೊಂಡು ಬಂದಾಗ ನನ್ನ ಕೈಯಲ್ಲಿದ್ದ ಮುಚ್ಚಳದ ರಬ್ಬರ್ ಬಳೆ ಕೆಳಗೆ ಬಿತ್ತು. ನೀನು ಎರಡು ಜಡೆ ಹಾಕಿದ್ದೆ. ಹತ್ತು ತಿಂಗಳಾಗಿತ್ತು ನಿನ್ನನ್ನು ನೋಡದೆ.

ಅಂದು ಆದ ಎಡವಟ್ಟಿನಲ್ಲಿ ನನ್ನ ತಪ್ಪೂ ಉಂಟು. ನಾನು ಮಾತಾಡುತ್ತಿರುವಾಗ ಸಮಾಜದ ಅಡುಗೆಯಾಕೆ ಇನ್ನೂ ಎರಡು ಹಿಡಿ ಚೆರುಪಯರು, ನಮ್ಮ ಹೆಸರುಕಾಳು, ಸುರಿದುಬಿಟ್ಟಳು. ನಾನು ನೋಡದೆ ಮುಚ್ಚಳ ಹಾಕಿದೆ, ಮನಸ್ಸು ಮೂರನೆಯ ಸಾಲಿನಲ್ಲಿತ್ತು. ಗುಂಡು ಒಂದು ಸಲ ಎದ್ದಿತು, ಆಮೇಲೆ ಸದ್ದಿಲ್ಲ. ಕೆಳಗೆ ಸ್ಟೌವ್ ಭರ್ರೆಂದು ಉರಿಯುತ್ತಿದೆ, ಮೇಲೆ ಒಂದು ಎಳೆ ಹಬೆ ಕೂಡ ಇಲ್ಲ. ಸ್ಟೌವಿನ ಗಾಳಿ ಬಿಟ್ಟು ಆರಿಸಿದೆ, ಮುಂದಿನ ಸಾಲಿನವರನ್ನು ಹಿಂದೆ ಹೋಗಿ ಅಂದೆ. ಅಧ್ಯಕ್ಷೆ ದಾಕ್ಷಾಯಣಿ ಅಮ್ಮ ಮಾತ್ರ ಹೋಗಲಿಲ್ಲ. ‘ಊಟದ ಹೊತ್ತಾಯಿತು. ಇದನ್ನು ತೆಗೆದು ನೋಡಿದರೆ ಮುಗಿಯಿತಲ್ಲ’ ಅಂತ ಮುಚ್ಚಳದ ಹಿಡಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದು ಎಳೆದೆ. ಬಾಯಿಗೆ ಮಲಯಾಳ ಬರಲಿಲ್ಲ. ‘ಮುಟ್ಟಬೇಡಿ!’ ಅಂತ ಕನ್ನಡದಲ್ಲೇ ಕಿರುಚಿದೆ. ಆ ಹಾಲ್‌ನಲ್ಲಿ ಆ ಮಾತು ಅರ್ಥವಾದದ್ದು ನಿನಗೊಬ್ಬಳಿಗೇ ಇರಬೇಕು.

ಆಮೇಲೆ ಒದ್ದೆ ಬಟ್ಟೆ ಹೊದೆಸಿ ಇಪ್ಪತ್ತೈದು ನಿಮಿಷ ಕಾದೆವು. ಇಡೀ ಹಾಲ್ ಗುಸುಗುಸು. ಒಬ್ಬರು ಎದ್ದು ಹೋದರು. ದಾಕ್ಷಾಯಣಿ ಅಮ್ಮ ಕೈ ತಿಕ್ಕುತ್ತಾ ನನ್ನನ್ನೇ ನೋಡುತ್ತಿದ್ದರು. ಕೆಲಸ ಹೋಯಿತು ಅಂತಲೇ ನಾನು ತಿಳಿದೆ. ಕೊನೆಗೆ ಮುಚ್ಚಳ ತಾನಾಗಿ ತಿರುಗಿತು. ಅದನ್ನು ಕಿಟಕಿಗೆ ಹಿಡಿದು ತೋರಿಸಿದೆ. ತೂತಿನಲ್ಲಿ ಒಂದೇ ಒಂದು ಹಸಿರು ಸಿಪ್ಪೆ. ‘ಆಗ ತೆಗೆದಿದ್ದರೆ ಕುದಿಯುವ ಪಯರು ಎಲ್ಲರ ಮುಖದ ಮೇಲೆ’ ಅಂದೆ. ದಾಕ್ಷಾಯಣಿ ಅಮ್ಮ ಬಗ್ಗಿ ನೋಡಿದರು, ತಮ್ಮ ಮಣಿಕಟ್ಟು ನೋಡಿಕೊಂಡರು, ಆಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿದರು. ಅದನ್ನೆಲ್ಲ ನೀನೇ ನೋಡಿದ್ದೀ. ರೈಲಿಗೆ ಹೊತ್ತಾದದ್ದರಿಂದ ನಿನ್ನನ್ನು ಮಾತಾಡಿಸಲಿಕ್ಕೆ ಆಗಲಿಲ್ಲ.

ತೊಳೆಯುವುದರ ಬಗ್ಗೆ ಹೇಳಲಿಕ್ಕೆ ಮರೆತೆ. ದೊಡ್ಡಮ್ಮನಿಗೆ ಎಲ್ಲ ಪಾತ್ರೆಗೂ ಬೂದಿಯೇ ಆಗಬೇಕು. ಇದಕ್ಕೆ ಬೂದಿ ಬೇಡ, ಸೋಡವಂತೂ ಖಂಡಿತ ಬೇಡ, ಅಲ್ಯುಮಿನಿಯಂ ತಿಂದುಹೋಗುತ್ತದೆ. ಒಳಗೆ ಕಪ್ಪಾದರೆ ಹಿಂಡಿದ ಲಿಂಬೆಯ ಸಿಪ್ಪೆಯೋ, ಗೊಜ್ಜಿಗೆ ಕಿವುಚಿ ಉಳಿದ ಹುಣಸೆಯ ನಾರೋ ಹಾಕಿ, ನೀರೆರೆದು, ಮುಚ್ಚಳ ಇಲ್ಲದೆ ಕುದಿಸು, ಬೆಳ್ಳಗಾಗುತ್ತದೆ. ರಬ್ಬರ್ ಬಳೆಯನ್ನು ಪ್ರತಿ ಸಲ ಬಿಚ್ಚಿ, ತೊಳೆದು, ಒರೆಸಿ, ನೆರಳಲ್ಲಿ ಇಡು. ಹಪ್ಪಳದ ಜೊತೆ ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ. ಎತ್ತಿಡುವಾಗ ಮುಚ್ಚಳ ಬಿಗಿಯಬೇಡ, ಮಗುಚಿ ಮೇಲಿಟ್ಟರೆ ಸಾಕು.

ಮಾರ್ಚಿನಲ್ಲಿ ನಿನ್ನ ದೊಡ್ಡ ಪರೀಕ್ಷೆ. ಲೆಕ್ಕ ಬಿಡಿಸುವಾಗ ಅವಸರ ಮಾಡುವುದು ನಿನ್ನ ಹಳೇ ಚಾಳಿ, ಉತ್ತರ ಬಂದ ಮೇಲೆ ಇನ್ನೊಮ್ಮೆ ನೋಡು. ತಲೆಗೆ ಎಣ್ಣೆ ಹಾಕಿಕೋ. ದೊಡ್ಡಪ್ಪ ದೊಡ್ಡಮ್ಮನಿಗೆ ನನ್ನ ನಮಸ್ಕಾರ, ರತ್ನ ಸುಶೀಲರಿಗೆ ಪ್ರೀತಿ. ಅನ್ನಪೂರ್ಣೇಶ್ವರಿ ನಿನ್ನ ಕೈಯನ್ನೂ ಕಣ್ಣನ್ನೂ ತಣ್ಣಗಿಟ್ಟಿರಲಿ, ನಿನಗೆ ನನ್ನ ಆಯುಸ್ಸೂ ಸೇರಲಿ.

ನಿನ್ನ
ಅಮ್ಮ

ಮರೆತದ್ದಲ್ಲ, ಬರೆಯಲಿಕ್ಕೆ ಆಗದೆ ಬಿಟ್ಟದ್ದು: ಕಾಗದ ಲಕೋಟೆಗೆ ಹಾಕಿದ್ದೆ. ಅಂಟು ಹಚ್ಚುವ ಮೊದಲು ತೆಗೆದು ಇಷ್ಟು ಸೇರಿಸುತ್ತಿದ್ದೇನೆ.

ರೈಲಿಗೆ ಹೊತ್ತಾಯಿತು ಅಂತ ಬರೆದದ್ದು ಸುಳ್ಳು, ಮಗಾ. ರೈಲಿಗೆ ಎರಡು ಗಂಟೆ ಇತ್ತು. ತಂಪಾನೂರು ಸ್ಟೇಷನ್ನಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ.

ಚಪ್ಪಾಳೆ ಮುಗಿದ ಮೇಲೆ ದಾಕ್ಷಾಯಣಿ ಅಮ್ಮ ಕೇಳಿದರು, ‘ನೀವು ಕಿರುಚಿದ್ದು ಯಾವ ಭಾಷೆ?’ ಕನ್ನಡ ಅಂದೆ, ನಮ್ಮ ಊರು ಕಾಸರಗೋಡು ಅಂದೆ. ಅವರ ಮುಖ ಅರಳಿತು. ‘ಹಾಗಾದರೆ ವಂಚಿಯೂರಿನ ಯಜ್ಞನಾರಾಯಣ ರಾಯರು ನಿಮಗೆ ಗೊತ್ತಿರಬೇಕಲ್ಲ? ಅವರ ಮನೆಯ ಹುಡುಗಿ ಇಲ್ಲೇ ಕೂತಿದ್ದಾಳೆ’ ಅಂದರು, ದೊಡ್ಡಪ್ಪನ ಹೆಸರನ್ನೇ ಹಿಡಿದು. ನೀನು ಅಷ್ಟರಲ್ಲೇ ಬೆಂಚಿನಿಂದ ಅರ್ಧ ಎದ್ದಿದ್ದೆ. ನಿನ್ನ ತುಟಿ ಕೂಡಿತ್ತು, ಅಮ್ಮಾ ಅನ್ನಲಿಕ್ಕೆ. ನಾನು ನಿನ್ನ ಮುಖ ನೋಡಿಕೊಂಡೇ ಹೇಳಿದೆ, ‘ಇಲ್ಲ, ಈ ಊರಿನಲ್ಲಿ ನನಗೆ ಯಾರ ಪರಿಚಯವೂ ಇಲ್ಲ.’ ನೀನು ಕೂತೆ. ಪಕ್ಕದ ಹುಡುಗಿ ಏನೋ ಕೇಳಿದಳು. ನೀನು ತಲೆಯಾಡಿಸಿ ಇಲ್ಲ ಅಂದೆ.

ನಾನು ಈ ಕೆಲಸಕ್ಕೆ ಸೇರಿದಾಗ ದೊಡ್ಡಪ್ಪ ಬಂದು ಹೇಳಿದ್ದರು, ‘ಮಾಡುವುದಾದರೆ ಮಾಡು, ಸೌದಾಮಿನಿ. ಆದರೆ ತಮ್ಮನ ಹೆಂಡತಿ ಊರೂರು ಪಾತ್ರೆ ಮಾರುತ್ತಾಳೆ ಅಂತಾದರೆ ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದು ಕಷ್ಟ. ತಿರುವನಂತಪುರದಲ್ಲಿ ನಮ್ಮ ಹೆಸರು ಎತ್ತಬೇಡ.’ ಅವರು ಕೆಟ್ಟವರಲ್ಲ, ಹೆದರಿದವರು. ನಾನು ಆಯಿತು ಅಂದೆ. ಅವರ ಹೆಸರು ಎತ್ತುವುದಿಲ್ಲ ಅಂತ ಒಪ್ಪಿದವಳು ನಿನ್ನನ್ನೇ ಇಲ್ಲ ಅಂದುಬಿಟ್ಟೆ. ಸ್ನೇಹಿತೆಯರ ಎದುರು ನಿನಗೆ ನಾಚಿಕೆಯಾದೀತು ಅಂತ ಹಾಗೆ ಹೇಳಿದೆ ಅಂತ ಆರು ವಾರ ನನಗೆ ನಾನೇ ಹೇಳಿಕೊಂಡೆ. ನಿನಗೆ ನಾಚಿಕೆ ಇರಲಿಲ್ಲ. ನೀನು ಎದ್ದಿದ್ದೆ.

ನಿನ್ನೆ ದೊಡ್ಡಪ್ಪನಿಗೆ ಬೇರೆ ಕಾಗದ ಹಾಕಿದ್ದೇನೆ, ಇನ್ನು ಆ ಮಾತಿಗೆ ನಾನು ಬದ್ಧಳಲ್ಲ ಅಂತ. ಅದರಿಂದ ಅವರಿಗೆ ತೊಂದರೆಯಾದರೆ ಪರೀಕ್ಷೆ ಮುಗಿದ ಮೇಲೆ ನೀನು ಇಲ್ಲಿಗೆ ಬಾ. ತೊಂದರೆಯಾಗದಿದ್ದರೆ ಎಲ್ಲಿರಬೇಕು ಅನ್ನುವುದು ನಿನ್ನ ಇಷ್ಟ. ಡಿಸೆಂಬರ್ ಐದು, ಶನಿವಾರ ಬೆಳಿಗ್ಗೆ ಹತ್ತಕ್ಕೆ ಅದೇ ಹಾಲ್‌ನಲ್ಲಿ ಮತ್ತೆ ನನ್ನ ಕೆಲಸ ಉಂಟು, ನಿಮ್ಮ ಶಾಲೆಯವರನ್ನು ಪುನಃ ಕರೆದಿದ್ದಾರೆ. ಯಾರಾದರೂ ಕೇಳಲಿ ಅಂತ ಈ ಸಲ ನಾನು ಕಾಯುವುದಿಲ್ಲ. ಸ್ಟೌವ್ ಹಚ್ಚುವ ಮೊದಲೇ, ಅಲ್ಲಿ ಕೂತವಳು ನನ್ನ ಮಗಳು ಸರೋಜ ಅಂತ ಎಲ್ಲರಿಗೂ ಹೇಳುತ್ತೇನೆ. ಹಾಗೆ ಹೇಳುವುದು ನಿನಗೆ ಬೇಡ ಅಂತಿದ್ದರೆ ಅಂದು ಬರಬೇಡ, ನನಗೆ ಅರ್ಥವಾಗುತ್ತದೆ.

ಬಂದರೆ, ನೀನು ಎದ್ದು ನಿಲ್ಲಬೇಕು ಅಂತಿಲ್ಲ. ಈ ಸಲ ನಾನೇ ನೀನಿದ್ದಲ್ಲಿಗೆ ಬರುತ್ತೇನೆ.